ಭಾನುವಾರ: ವಾರದ ಆದಿಯೋ, ಅಂತ್ಯವೋ?

ನೂರು ವರ್ಷಗಳೆಂದರೆ ಹೆಚ್ಚುಕಡಿಮೆ 36,525 ದಿನಗಳು. ಅವುಗಳಲ್ಲಿ ಭಾನುವಾರಗಳು ಸುಮಾರು 5,218. ಶತಮಾನೋತ್ಸವದ ಸಂದರ್ಭದಲ್ಲಿ ಧರ್ಮಕೇಂದ್ರವೊಂದು ತನ್ನಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನು ಎಣಿಸುತ್ತದೆ. ಜ್ಞಾನಸ್ನಾನ, ವಿವಾಹಗಳ ದಾಖಲೆ ಪುಸ್ತಕಗಳನ್ನು ತೆರೆದು ನೋಡುತ್ತದೆ. ಅಡಿಗಲ್ಲುಗಳ ಮೇಲಿನ ತಾರೀಖುಗಳನ್ನು ಓದಿಕೊಳ್ಳುತ್ತದೆ. ಭಾನುವಾರಗಳನ್ನು ಎಣಿಸುವುದು ಮಾತ್ರ ವಿರಳ. ಆದರೂ ಧರ್ಮಕೇಂದ್ರವೆಂಬುದು ಉಳಿದುಬರುವುದು ಈ ಐದು ಸಾವಿರಕ್ಕೂ ಮಿಕ್ಕಿದ ಭಾನುವಾರಗಳಲ್ಲಿ ಜನರು ಒಂದೆಡೆ ನೆರೆಯುವುದರಿಂದಲೇ ಅಲ್ಲವೆ?

ಹಾಗಾದರೆ ಈ ಭಾನುವಾರಗಳು ವಾರದ ಮೊದಲಿಗೆ ಬಂದವೋ, ಕೊನೆಗೆ ಬಂದವೋ? ಮೇಲುನೋಟಕ್ಕೆ ಇದು ಹುಡುಗಾಟದ ಪ್ರಶ್ನೆಯೆನಿಸಬಹುದು. ನಮ್ಮ ಮನೆಗಳ ಗೋಡೆಯ ಮೇಲೆ ತೂಗುತ್ತಿದ್ದ ಕ್ಯಾಲೆಂಡರುಗಳಲ್ಲಿ ಕೆಂಪು ಅಕ್ಷರದ ಭಾನುವಾರವೇ ಮೊದಲು, ಶನಿವಾರ ಕಡೆಯದು. ಈಗ ಕಚೇರಿಗಳಲ್ಲಿ ಹಂಚುವ ಅನೇಕ ಡೈರಿಗಳಲ್ಲಿ ವಾರವು ಸೋಮವಾರದಿಂದ ಆರಂಭವಾಗಿ, ಭಾನುವಾರವು ಶನಿವಾರದ ಜೊತೆ ಪುಟದ ಬುಡದಲ್ಲಿ ಇಕ್ಕಟ್ಟಾಗಿ ಕುಳಿತಿರುತ್ತದೆ. ‘ವಾರಾಂತ್ಯ’ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ನೆಲೆಯೂರಿ, ಭಾನುವಾರವನ್ನೂ ತನ್ನೊಳಕ್ಕೆ ಸೇರಿಸಿಕೊಂಡಿದೆ. ಇಷ್ಟೇ ಆಗಿದ್ದರೆ ಲೆಕ್ಕಿಗರ ಅನುಕೂಲವೆಂದು ಸುಮ್ಮನಿರಬಹುದಾಗಿತ್ತು. ಆದರೆ ಜ್ಞಾನೋಪದೇಶದ ತರಗತಿಯಲ್ಲಿ ಮಕ್ಕಳನ್ನು ಕೇಳಿ ನೋಡಿ: ದೇವರು ಏಳನೆಯ ದಿನ ವಿಶ್ರಮಿಸಿದರು, ಆದ್ದರಿಂದ ನಾವು ಭಾನುವಾರ ವಿಶ್ರಮಿಸುತ್ತೇವೆ ಎಂಬ ಉತ್ತರ ಅವರ ನಾಲಗೆಯ ತುದಿಯಲ್ಲೇ ಇರುತ್ತದೆ. ಆ ಉತ್ತರದ ಪ್ರಕಾರ ಭಾನುವಾರವು ಏಳನೆಯ ದಿನ. ಶುಭಸಂದೇಶದ ಪ್ರಕಾರ ಅದು ಒಂದನೆಯ ದಿನ. ಎರಡೂ ಹೇಗೆ ಸರಿಯಾದೀತು? ಈ ಗಂಟನ್ನು ಬಿಡಿಸಬೇಕಾದರೆ ಇತಿಹಾಸದ ಮೊರೆಹೋಗುವುದೊಂದೇ ದಾರಿ.

ಯೆಹೂದ್ಯರು ವಾರದ ದಿನಗಳಿಗೆ ಹೆಸರುಗಳನ್ನಿಡಲಿಲ್ಲ, ಸಂಖ್ಯೆಗಳನ್ನಿಟ್ಟರು. ಒಂದನೆಯ ದಿನ, ಎರಡನೆಯ ದಿನ ಎಂದು ಆರರವರೆಗೆ ಎಣಿಸಿ, ಏಳನೆಯದಕ್ಕೆ ಮಾತ್ರ ‘ಸಬ್ಬತ್’ ಎಂಬ ಹೆಸರು. ಇಂದಿಗೂ ಹೀಬ್ರೂ ಭಾಷೆಯಲ್ಲಿ ಭಾನುವಾರಕ್ಕೆ ‘ಯೋಮ್ ರಿಶೋನ್’, ಎಂದರೆ ಮೊದಲನೆಯ ದಿನ, ಎಂದೇ ಹೆಸರು. ಯೇಸುಸ್ವಾಮಿಯ ಪುನರುತ್ಥಾನವನ್ನು ಬಣ್ಣಿಸುವಾಗ ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಈ ನಾಲ್ವರೂ ಸಬ್ಬತ್ ಮುಗಿದ ಮೇಲೆ ಬರುವ ಈ ಒಂದನೆಯ ದಿನವನ್ನೇ ಹೆಸರಿಸುತ್ತಾರೆ. ಸಮಾಧಿಗೆ ಹೋದ ಸ್ತ್ರೀಯರ ಹೆಸರುಗಳಲ್ಲಿ, ದೇವದೂತರ ಸಂಖ್ಯೆಯಲ್ಲಿ ಒಬ್ಬ ಶುಭಸಂದೇಶಕಾರನಿಗೂ ಇನ್ನೊಬ್ಬನಿಗೂ ವ್ಯತ್ಯಾಸಗಳಿವೆಯೆಂಬುದನ್ನು ವಾಚಕರು ಬಲ್ಲರು. ದಿನದ ವಿಷಯದಲ್ಲಿ ಮಾತ್ರ ನಾಲ್ವರದೂ ಒಂದೇ ಮಾತು. ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತನೆಯ ಅಧ್ಯಾಯದಲ್ಲಿ ತ್ರೋವ ಪಟ್ಟಣದ ಭಕ್ತರು ರೊಟ್ಟಿ ಮುರಿಯಲು ಕೂಡಿದ್ದು ಇದೇ ದಿನ. ಕೊರಿಂಥದವರು ಬಡವರಿಗಾಗಿ ಹಣವನ್ನು ತೆಗೆದಿಡಬೇಕೆಂದು ಸಂತ ಪೌಲರು ವಿಧಿಸಿದ್ದೂ ಇದೇ ದಿನಕ್ಕೆ. ನಮ್ಮ ದೇವಾಲಯಗಳಲ್ಲಿ ಭಾನುವಾರ ಕಾಣಿಕೆಯ ತಟ್ಟೆ ಹಿಡಿಯುವವರು ಎಷ್ಟು ಪುರಾತನವಾದ ಪದ್ಧತಿಯನ್ನು ನಡೆಸುತ್ತಿದ್ದಾರೆಂಬುದು ಅವರಿಗೇ ತಿಳಿದಿರಲಾರದು.

ತ್ರೋವದ ಪ್ರಸಂಗದಲ್ಲಿ ಒಂದು ಸಣ್ಣ ವಿವರವುಂಟು. ಸಭೆ ನಡೆದದ್ದು ರಾತ್ರಿ. ಮೇಲಂತಸ್ತಿನ ಕೋಣೆಯಲ್ಲಿ ಅನೇಕ ದೀಪಗಳು ಉರಿಯುತ್ತಿದ್ದವು. ಪೌಲರ ಉಪದೇಶ ನಡುರಾತ್ರಿಯವರೆಗೆ ಬೆಳೆಯಿತು. ಕಿಟಕಿಯಲ್ಲಿ ಕುಳಿತಿದ್ದ ಯೂತಿಕನೆಂಬ ತರುಣ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಕ್ಕೆ ಬಿದ್ದನು. ದೀರ್ಘ ಉಪದೇಶದ ಅಪಾಯವನ್ನು ಕುರಿತ ದೃಷ್ಟಾಂತವಾಗಿ ಇದನ್ನು ನಗುನಗುತ್ತಾ ಹೇಳುವುದುಂಟು. ಆದರೆ ಸಭೆ ರಾತ್ರಿಯೇ ಏಕೆ ಸೇರಿತು? ಯೆಹೂದ್ಯರಿಗೆ ದಿನವು ಆರಂಭವಾಗುವುದು ಸೂರ್ಯಾಸ್ತದಿಂದ. ಆದ್ದರಿಂದ ಈ ಸಭೆ ಶನಿವಾರ ರಾತ್ರಿಯದೋ ಭಾನುವಾರ ರಾತ್ರಿಯದೋ ಎಂದು ವ್ಯಾಖ್ಯಾನಕಾರರು ಚರ್ಚಿಸುತ್ತಾರೆ. ಎರಡರಲ್ಲಿ ಯಾವುದಾದರೂ ಆಗಲಿ, ಒಂದು ಸಂಗತಿ ಸ್ಪಷ್ಟ: ಆ ಕಾಲಕ್ಕೆ ಭಾನುವಾರವು ರಜೆಯ ದಿನವಾಗಿರಲಿಲ್ಲ. ದುಡಿಯುವವರು ದುಡಿಮೆಯನ್ನು ಮುಗಿಸಿಕೊಂಡು ಅಥವಾ ದುಡಿಮೆಗೆ ಮೊದಲೇ ಎದ್ದು ಬರಬೇಕಾಗಿತ್ತು.

ಇತ್ತ ರೋಮನರ ಜಗತ್ತಿನಲ್ಲಿ ಇನ್ನೊಂದು ಬಗೆಯ ವಾರವು ಬೇರುಬಿಡುತ್ತಿತ್ತು. ಮೊದಲು ರೋಮನರಿಗೆ ಏಳು ದಿನಗಳ ವಾರವೇ ಇರಲಿಲ್ಲ. ನಮ್ಮ ಹಳ್ಳಿಗಳ ಸಂತೆಯಂತೆ ಎಂಟು ದಿನಗಳ ಒಂದು ಸಂತೆಯ ಸುತ್ತು ಮಾತ್ರ ಇತ್ತು. ಗ್ರಹಗಳ ಹೆಸರಿನ ವಾರವು ಜ್ಯೋತಿಷದ ಜೊತೆಗೆ ಬಂದಿತು. ಅದರ ಕ್ರಮ ಹೇಗೆ ಹುಟ್ಟಿತೆಂಬುದು ಪಂಚಾಂಗವನ್ನು ನೋಡಿ ಬಲ್ಲ ನಮ್ಮ ನೆರೆಹೊರೆಯವರಿಗೆ ಹೊಸದಲ್ಲ. ಆದರೂ ಇಲ್ಲಿ ಹೇಳುವುದು ಉಚಿತ.

ಪ್ರಾಚೀನರು ಗ್ರಹಗಳನ್ನು ದೂರದಿಂದ ಹತ್ತಿರಕ್ಕೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಜೋಡಿಸಿದರು. ದಿನದ 24 ಹೋರೆಗಳಿಗೆ ಈ ಏಳು ಗ್ರಹಗಳು ಸರದಿಯಂತೆ ಅಧಿಪತಿಗಳು. ಮೊದಲನೆಯ ಹೋರೆಯ ಅಧಿಪತಿ ಯಾರೋ ಆ ದಿನಕ್ಕೆ ಅವರದೇ ಹೆಸರು. ಶನಿಯಿಂದ ಆರಂಭಿಸಿದರೆ 21 ಹೋರೆಗಳಲ್ಲಿ ಮೂರು ಸುತ್ತು ಮುಗಿಯುತ್ತದೆ. ಉಳಿದ ಮೂರು ಶನಿ, ಗುರು, ಕುಜರಿಗೆ. ಮರುದಿನದ ಮೊದಲ ಹೋರೆ ರವಿಗೆ. ರವಿಯಿಂದ ಇದೇ ರೀತಿ ಎಣಿಸಿದರೆ ಚಂದ್ರ, ಎಂದರೆ ಸೋಮ. ಸೋಮನಿಂದ ಕುಜ, ಎಂದರೆ ಮಂಗಳ. ಹೀಗೆ ವಾರವೆಲ್ಲವೂ ತಾನಾಗಿ ಉದುರುತ್ತದೆ. ರೋಮ್ ಇತಿಹಾಸಕಾರ ಡಿಯೋ ಕ್ಯಾಸಿಯಸ್ ಈ ಲೆಕ್ಕವನ್ನು ವಿವರಿಸಿದ್ದಾನೆ. ನಮ್ಮ ಆರ್ಯಭಟನೂ, ಸೂರ್ಯಸಿದ್ಧಾಂತವೂ ಇದೇ ಲೆಕ್ಕವನ್ನು ಕೊಡುತ್ತವೆ.

ಈ ಲೆಕ್ಕದಲ್ಲಿ ಸ್ವಾರಸ್ಯವಾದ ಮಾತೆಂದರೆ, ಮೊದಲ ಸ್ಥಾನ ಶನಿಯದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇ ನಗರದ ಗೋಡೆಯ ಮೇಲೆ ಯಾರೋ ಗೀಚಿದ ವಾರಗಳ ಪಟ್ಟಿಯೊಂದು ದೊರೆತಿದೆ. ಅದು ಶನಿಯಿಂದಲೇ ಆರಂಭವಾಗುತ್ತದೆ. ಹೀಗೆ ಒಂದೇ ಸಾಮ್ರಾಜ್ಯದಲ್ಲಿ ಯೆಹೂದ್ಯರಿಗೆ ಶನಿವಾರ ಕಡೆಯದು, ಜ್ಯೋತಿಷಿಗಳಿಗೆ ಅದೇ ಮೊದಲನೆಯದು. ‘ಮೊದಲನೆಯ ದಿನ’ ಎಂಬುದು ಆಕಾಶದಲ್ಲಿ ಬರೆದಿಟ್ಟ ಸಂಗತಿಯಲ್ಲ, ಎಣಿಸುವವರು ಎಲ್ಲಿ ನಿಂತು ಎಣಿಸುತ್ತಾರೆಂಬುದನ್ನು ಅವಲಂಬಿಸಿದ ಸಂಗತಿ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಭಾರತದಲ್ಲಿ ತಾರೀಖಿನೊಡನೆ ವಾರವನ್ನು ನಮೂದಿಸಿದ ಅತಿ ಹಳೆಯ ಶಾಸನಗಳಲ್ಲಿ ಮಧ್ಯಪ್ರದೇಶದ ಏರಣ್‌ನಲ್ಲಿರುವ ಬುಧಗುಪ್ತನ ಕಾಲದ, ಕ್ರಿ.ಶ. 484ರ ಶಾಸನವು ಪ್ರಸಿದ್ಧವಾದುದು. ಅದರಲ್ಲಿ ಗುರುವಾರದ ಉಲ್ಲೇಖವಿದೆ. ಆಮೇಲೆ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳಲ್ಲಿ ವಾರವೂ ಒಂದಾಗಿ ನಿಂತಿತು. ಆದರೆ ನಮ್ಮ ಪಂಚಾಂಗವು ವಾರವನ್ನು ಶನಿಯಿಂದ ಎಣಿಸದೆ ರವಿಯಿಂದ ಎಣಿಸಿತು. ಆದಿತ್ಯ, ಸೋಮ, ಮಂಗಳ ಎಂದೇ ನಾವು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದು. ಕೊಂಕಣಿಯ ‘ಆಯ್ತಾರ್’, ತುಳುವಿನ ‘ಐತಾರ’, ಉತ್ತರ ಕರ್ನಾಟಕದ ‘ಐತ್ವಾರ’ ಎಲ್ಲವೂ ಆದಿತ್ಯವಾರದ ಮಕ್ಕಳೇ. ಹೀಗಾಗಿ ಶುಭಸಂದೇಶವು ಈ ನಾಡಿಗೆ ಬಂದಾಗ ಅದರ ‘ವಾರದ ಮೊದಲನೆಯ ದಿನ’ವು ಯಾವುದೆಂದು ಯಾರಿಗೂ ವಿವರಿಸಬೇಕಾಗಲಿಲ್ಲ, ನೆರೆಯ ಜೋಯಿಸರ ಎಣಿಕೆಗೂ ನಮ್ಮ ಎಣಿಕೆಗೂ ಜಗಳವಿರಲಿಲ್ಲ.

ಕನ್ನಡದ ಇನ್ನೊಂದು ವಿಶೇಷವನ್ನು ಹೇಳದೆ ಮುಂದೆ ಹೋಗಲಾರೆವು. ‘ವಾರ’ವೆಂದರೆ ಸಂಸ್ಕೃತದಲ್ಲಿ ಸರದಿ. ಕನ್ನಡಿಗರು ಒಂದು ದಿನಕ್ಕೂ ವಾರವೆನ್ನುತ್ತಾರೆ, ಏಳು ದಿನಗಳ ಗುಂಪಿಗೂ ವಾರವೆನ್ನುತ್ತಾರೆ. ಹಿಂದೆ ಬಡ ವಿದ್ಯಾರ್ಥಿಗಳು ದಿನಕ್ಕೊಂದು ಮನೆಯಂತೆ ಸರದಿಯ ಮೇಲೆ ಉಂಡು ಓದಿದ ‘ವಾರಾನ್ನ’ದಲ್ಲಿ ಈ ಎರಡು ಅರ್ಥಗಳೂ ಕೂಡಿಕೊಂಡಿವೆ. ಸರದಿಗೆ ಆದಿಯೆಲ್ಲಿ, ಅಂತ್ಯವೆಲ್ಲಿ? ‘ವಾರಾಂತ್ಯ’ವೆಂಬ ಪದ ನಮಗೆ ಹೊರಗಿನಿಂದ ಬಂದುದೆಂಬುದು ಇದರಿಂದಲೂ ತಿಳಿಯುತ್ತದೆ.

ಮತ್ತೆ ಮೊದಲ ಶತಮಾನಗಳ ಕ್ರೈಸ್ತರ ಕಡೆಗೆ ಬರೋಣ. ಕ್ರಿ.ಶ. 112ರ ಸುಮಾರಿಗೆ ಪ್ಲಿನಿ ಎಂಬ ರಾಜ್ಯಪಾಲನು ಸಾಮ್ರಾಟ ಟ್ರಾಜನನಿಗೆ ಬರೆದ ಪತ್ರದಲ್ಲಿ, ಈ ಜನರು ನಿಗದಿಯಾದ ಒಂದು ದಿನ ಬೆಳಕು ಹರಿಯುವ ಮೊದಲೇ ಕೂಡುತ್ತಾರೆಂದು ವರದಿ ಮಾಡಿದನು. ಅದಕ್ಕೆ ಸ್ವಲ್ಪ ಮೊದಲು ಅಂತಿಯೋಕ್ಯದ ಧರ್ಮಾಧ್ಯಕ್ಷರಾಗಿದ್ದ ಸಂತ ಇಗ್ನೇಷಿಯಸರು, ಕ್ರೈಸ್ತರು ಸಬ್ಬತ್ತನ್ನು ಬಿಟ್ಟು ಪ್ರಭುವಿನ ದಿನಕ್ಕನುಸಾರವಾಗಿ ಬಾಳುವವರೆಂದು ಬರೆದಿದ್ದರು. ಕ್ರಿ.ಶ. 155ರ ಸುಮಾರಿಗೆ ಸಂತ ಜಸ್ಟಿನರು ಸಾಮ್ರಾಟ ಆಂಟೊನೈನಸ್ ಪಯಸನಿಗೆ ಸಲ್ಲಿಸಿದ ಸಮರ್ಥನೆಯಲ್ಲಿ ಭಾನುವಾರದ ಪೂಜೆಯ ಕ್ರಮವನ್ನೇ ವಿವರಿಸಿದರು: ವಾಚನ, ಉಪದೇಶ, ಪ್ರಾರ್ಥನೆ, ರೊಟ್ಟಿ ದ್ರಾಕ್ಷಾರಸಗಳ ಅರ್ಪಣೆ, ಪರಮಪ್ರಸಾದ, ಬಡವರಿಗಾಗಿ ಕಾಣಿಕೆ. ಇಂದು ದೇವಾಲಯದಲ್ಲಿ ನಡೆಯುವುದನ್ನು ಬಲ್ಲವರು ಓದಿದರೆ ಎಲ್ಲವೂ ಪರಿಚಿತವೆನಿಸುತ್ತದೆ. ಆ ದಿನವೇ ಏಕೆ ಎಂಬುದಕ್ಕೆ ಅವರು ಕೊಟ್ಟ ಕಾರಣಗಳು ಎರಡು: ದೇವರು ಕತ್ತಲೆಯನ್ನು ನೀಗಿಸಿ ಜಗತ್ತನ್ನು ಉಂಟುಮಾಡಿದ ಮೊದಲನೆಯ ದಿನ ಅದು, ರಕ್ಷಕರು ಪುನರುತ್ಥಾನರಾದ ದಿನವೂ ಅದೇ. ವಿಶ್ರಾಂತಿಯ ಮಾತು ಆ ಕಾರಣಗಳಲ್ಲಿ ಇಲ್ಲವೇ ಇಲ್ಲ.

ಇರುವುದಾದರೂ ಹೇಗೆ? ಜಸ್ಟಿನರ ಕಾಲದಲ್ಲಿ ಭಾನುವಾರ ಎಲ್ಲರಿಗೂ ಕೆಲಸದ ದಿನ. ಆ ದಿನ ಕೂಡುವುದಕ್ಕಾಗಿ ಪ್ರಾಣವನ್ನೇ ತೆತ್ತವರೂ ಉಂಟು. ಸಾಮ್ರಾಟ ಡಯೊಕ್ಲೀಷಿಯನನು 303ರಲ್ಲಿ ಕ್ರೈಸ್ತರ ಸಭೆಗಳನ್ನು ನಿಷೇಧಿಸಿದ ಮೇಲೆ, ಈಗಿನ ಟ್ಯುನೀಷಿಯಾಕ್ಕೆ ಸೇರಿದ ಅಬಿತೀನೆ ಎಂಬ ಊರಿನಲ್ಲಿ ಆಕ್ಟೇವಿಯಸ್ ಫೆಲಿಕ್ಸ್ ಎಂಬಾತನ ಮನೆಯಲ್ಲಿ ಭಾನುವಾರದ ಬಲಿಪೂಜೆಗೆ ನೆರೆದಿದ್ದವರನ್ನು ಸೈನಿಕರು ಹಿಡಿದರು. ಒಟ್ಟು 49 ಮಂದಿ; ಗುರು ಸಟರ್ನೈನಸರೂ ಅವರ ಮಕ್ಕಳೂ ಅವರಲ್ಲಿದ್ದರು. 304ರ ಫೆಬ್ರವರಿ 12ರಂದು ಕಾರ್ಥೇಜಿನಲ್ಲಿ ವಿಚಾರಣೆಯಾಯಿತು. ಅಪ್ಪಣೆಯನ್ನು ಮೀರಿ ಮನೆಯಲ್ಲಿ ಜನರನ್ನೇಕೆ ಸೇರಿಸಿದೆಯೆಂದು ಕೇಳಿದ್ದಕ್ಕೆ, ಪ್ರಭುವಿನ ದಿನದ ಆ ಆಚರಣೆಯಿಲ್ಲದೆ ತಮ್ಮಿಂದ ಇರಲಾಗದೆಂದು ಎಮೆರಿಟಸ್ ಎಂಬಾತನು ಉತ್ತರ ಕೊಟ್ಟನು. ಭಾನುವಾರ ಬೆಳಗ್ಗೆ ಹಾಸಿಗೆ ಬಿಟ್ಟೇಳಲು ಮನಸ್ಸಾಗದ ದಿನ ಈ 49 ಮಂದಿಯ ನೆನಪು ನಮಗೆ ಬರುವುದಿದ್ದರೆ ಒಳ್ಳೆಯದು.

ರಜೆಯು ಬಂದುದು ಅದಾದ ಹದಿನೇಳು ವರ್ಷಗಳ ಮೇಲೆ. 321ರ ಮಾರ್ಚ್ 7ರಂದು ಸಾಮ್ರಾಟ ಕಾನ್‌ಸ್ಟಂಟೈನನು ಸೂರ್ಯನ ದಿನದಂದು ನ್ಯಾಯಾಧೀಶರೂ, ಪಟ್ಟಣಿಗರೂ, ಕುಶಲಕರ್ಮಿಗಳೂ ವಿಶ್ರಮಿಸಬೇಕೆಂದು ಕಾನೂನು ಮಾಡಿದನು. ರೈತರಿಗೆ ವಿನಾಯಿತಿಯಿತ್ತು: ಬಿತ್ತನೆಗೆ ಒದಗಿದ ಹದ ತಪ್ಪಬಾರದೆಂಬುದು ಕಾರಣ. ಹದವಾದ ಮಳೆ ಬಿದ್ದ ಮರುದಿನ ಭಾನುವಾರವಾಯಿತೆಂದು ನೇಗಿಲನ್ನು ಮೂಲೆಗಿಡಲಾಗದೆಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಮನಿಸಬೇಕಾದುದೇನೆಂದರೆ, ಸಾಮ್ರಾಟನು ಆ ದಿನವನ್ನು ಪ್ರಭುವಿನ ದಿನವೆಂದು ಕರೆಯಲಿಲ್ಲ. ವಾರದಲ್ಲಿ ಅದರ ಸ್ಥಾನವನ್ನೂ ಬದಲಿಸಲಿಲ್ಲ. ಭಾನುವಾರಕ್ಕೆ ಬಿಡುವು ದೊರೆಯಿತು, ಅಷ್ಟೆ.

ಗೊಂದಲದ ಬೀಜ ಬಿದ್ದುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಮೊದಲನೆಯ ದಿನಕ್ಕೆ ರಜೆ ಬಂದ ಮೇಲೆ, ಏಳನೆಯ ದಿನದ ವಿಶ್ರಾಂತಿಯನ್ನು ಕುರಿತ ದೇವರ ಕಟ್ಟಳೆಯನ್ನು ಉಪದೇಶಕರು ಕ್ರಮೇಣ ಭಾನುವಾರಕ್ಕೆ ಅನ್ವಯಿಸತೊಡಗಿದರು. ಶತಮಾನಗಳು ಕಳೆದಂತೆ ಭಾನುವಾರವು ‘ಕ್ರೈಸ್ತರ ಸಬ್ಬತ್’ ಆಯಿತು. ಸಬ್ಬತ್ತಿನ ಸಂಖ್ಯೆಯಾದ ಏಳೂ ಸದ್ದಿಲ್ಲದೆ ಅದಕ್ಕೆ ಅಂಟಿಕೊಂಡಿತು. ಶಾಸ್ತ್ರಜ್ಞರಿಗೆ ಈ ಭೇದ ತಿಳಿಯದೆ ಇರಲಿಲ್ಲ. ಸಂತ ತೋಮಸ್ ಅಕ್ವಿನಾಸರು ಪ್ರಭುವಿನ ದಿನದ ಆಚರಣೆ ಸಬ್ಬತ್ತಿನ ಸ್ಥಾನಕ್ಕೆ ಬಂದುದು ಹಳೆಯ ಕಟ್ಟಳೆಯ ಬಲದಿಂದಲ್ಲ, ಧರ್ಮಸಭೆಯ ವಿಧಿಯಿಂದ ಮತ್ತು ಕ್ರೈಸ್ತ ಜನರ ರೂಢಿಯಿಂದ ಎಂದು ಸ್ಪಷ್ಟವಾಗಿ ಬರೆದರು. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ತನ್ನ 2175ನೆಯ ಪರಿಚ್ಛೇದದಲ್ಲಿ ಭಾನುವಾರವು ಸಬ್ಬತ್ತಿನಿಂದ ಬೇರೆಯಾದುದೆಂದೂ, ಪ್ರತಿವಾರ ಅದರ ಮರುದಿನ ಬರುವುದೆಂದೂ ಹೇಳುತ್ತದೆ. ಆದರೆ ಗ್ರಂಥಗಳಲ್ಲಿರುವ ಎಚ್ಚರ ತರಗತಿಯವರೆಗೆ ಇಳಿದುಬರುವುದು ನಿಧಾನ. ಸೋಮವಾರದಿಂದ ವಾರವನ್ನು ಆರಂಭಿಸುವ ಡೈರಿಗಳನ್ನು ದೂರುವ ಮೊದಲು, ಆ ಎಣಿಕೆಗೆ ನಾವೇ ಮಕ್ಕಳ ಮನಸ್ಸಿನಲ್ಲಿ ನೆಲವನ್ನು ಹದಮಾಡಿ ಕೊಟ್ಟಿದ್ದೇವೆಂಬುದನ್ನು ಒಪ್ಪಿಕೊಳ್ಳುವುದು ನ್ಯಾಯ. ಶನಿವಾರವೇ ನಿಜವಾದ ಸಬ್ಬತ್ತೆಂದು ವಾದಿಸುವ ಪಂಥಗಳವರು ನಮ್ಮ ಬಾಗಿಲಿಗೆ ಬಂದಾಗ ನಮ್ಮವರು ಉತ್ತರ ತೋಚದೆ ನಿಲ್ಲುವುದೂ ಇದರಿಂದಲೇ. ಅವರ ಎಣಿಕೆ ಸರಿಯಾದುದೇ. ಶನಿವಾರ ಏಳನೆಯ ದಿನವೇ. ನಾವು ಕೂಡುವುದು ಅದಕ್ಕಾಗಿ ಅಲ್ಲ.

ಪುರಾತನ ಪಿತೃಗಳಾದರೋ ಭಾನುವಾರವನ್ನು ಏಳನೆಯದೆನ್ನುವ ಬದಲು ಎಂಟನೆಯದೆಂದರು. ಬಾರ್ನಬನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಎರಡನೆಯ ಶತಮಾನದ ಪತ್ರದಲ್ಲಿಯೇ ಈ ಮಾತು ಬರುತ್ತದೆ. ಏಳು ಮುಗಿದ ಮೇಲೆ ಬರುವುದರಿಂದ ಅದು ಎಂಟನೆಯದು. ಹೊಸ ಸೃಷ್ಟಿಯ ಆರಂಭವಾದುದರಿಂದ ಅದೇ ಮೊದಲನೆಯದು. ಪುನರುತ್ಥಾನದ ಮೊದಲ ಸಂಜೆ ಇಲ್ಲದಿದ್ದ ತೋಮನಿಗೆ ಪ್ರಭು ಎಂಟು ದಿನಗಳ ಮೇಲೆ ಕಾಣಿಸಿಕೊಂಡರೆಂದು ಯೊವಾನ್ನನು ಬರೆದುದನ್ನು ಇದರೊಡನೆ ಸೇರಿಸಿ ಓದುತ್ತಿದ್ದರು. ರೋಮಿನ ಲಾಟರನ್ ಮಹಾದೇವಾಲಯದ ಪಕ್ಕದಲ್ಲಿರುವ ಜ್ಞಾನಸ್ನಾನ ಮಂದಿರವೂ ಮಿಲಾನಿನಲ್ಲಿ ಸಂತ ಅಂಬ್ರೋಸರ ಕಾಲದ್ದೂ ಎಂಟು ಮೂಲೆಗಳಾಗಿ ಕಟ್ಟಿದಂಥವು. ಎಣಿಕೆಯು ಕಲ್ಲುಗಾರೆಯಲ್ಲಿಯೂ ಮೂಡಿದೆ.

ದಿನಗಳಿಗೆ ಅನ್ಯದೇವತೆಗಳ ಹೆಸರು ಇರುವುದು ಧರ್ಮಸಭೆಗೆ ಹಿತವೆನಿಸಲಿಲ್ಲ. ಲತೀನ್ ಪೂಜಾಗ್ರಂಥಗಳಲ್ಲಿ ಭಾನುವಾರಕ್ಕೆ ‘ದೊಮಿನಿಕಾ’ ಎಂದೂ, ಶನಿವಾರಕ್ಕೆ ‘ಸಬ್ಬಾತುಂ’ ಎಂದೂ ಹೆಸರು; ನಡುವಿನವಕ್ಕೆ ಬರಿಯ ಸಂಖ್ಯೆ. ಸೋಮವಾರವು ‘ಫೇರಿಯಾ ಸೆಕುಂದಾ’, ಎಂದರೆ ಎರಡನೆಯದು, ಶುಕ್ರವಾರವು ಆರನೆಯದು. ಆರನೆಯ ಶತಮಾನದಲ್ಲಿ ಬ್ರಾಗಾದ ಧರ್ಮಾಧ್ಯಕ್ಷರಾಗಿದ್ದ ಸಂತ ಮಾರ್ಟಿನರು ಹಳ್ಳಿಗರಿಗಾಗಿ ಬರೆದ ಉಪದೇಶದಲ್ಲಿ ಗ್ರಹಗಳ ಹೆಸರನ್ನು ಖಂಡಿಸಿದರು. ಅವರ ಆ ಪ್ರಾಂತವೇ ಮುಂದೆ ಪೋರ್ಚುಗಲ್ ಆದುದು. ಅಲ್ಲಿ ಇಂದಿಗೂ ಸೋಮವಾರಕ್ಕೆ ‘ಸೆಗುಂದಾ ಫೈರಾ’ ಎನ್ನುತ್ತಾರೆ. ಗ್ರೀಕರು ಸೋಮವಾರಕ್ಕೆ ‘ಎರಡನೆಯದು’ ಎನ್ನುತ್ತಾರೆ. ಅರಬ್ಬೀಯಲ್ಲಿ ಭಾನುವಾರಕ್ಕೆ ‘ಅಲ್ ಅಹದ್’, ಒಂದನೆಯದು. ವಿಯೆಟ್ನಾಮಿನಲ್ಲಿ ಭಾನುವಾರವು ಪ್ರಭುವಿನ ದಿನ, ಸೋಮವಾರವು ‘ಎರಡನೆಯದು’. ಕ್ರೈಸ್ತರಲ್ಲದವರೂ ಅಲ್ಲಿ ಹಾಗೆಯೇ ಎಣಿಸುತ್ತಾರೆ. ಜರ್ಮನರು ಬುಧವಾರವನ್ನು ‘ಮಿಟ್ವೊಖ್’, ವಾರದ ನಡು, ಎನ್ನುವುದು ಭಾನುವಾರದಿಂದ ಎಣಿಸಿದರೆ ಮಾತ್ರ ಸರಿಹೊಂದುತ್ತದೆ. ಪೋರ್ಚುಗೀಸರು ಬಂದು ನೆಲೆಸಿದ ಗೋವೆಯಲ್ಲಾಗಲಿ, ಅಲ್ಲಿಂದ ಬಂದವರು ಬೆಳೆಸಿದ ಮಂಗಳೂರಿನ ಕೊಂಕಣಿಯಲ್ಲಾಗಲಿ ಈ ಸಂಖ್ಯೆಗಳು ನಾಟಲಿಲ್ಲ. ಸೊಮಾರ್, ಮಂಗ್ಳಾರ್‌ಗಳೇ ಉಳಿದವು.

ಎಲ್ಲ ಕ್ರೈಸ್ತರೂ ಒಂದೇ ರೀತಿ ಎಣಿಸಿದರೆಂದು ಭಾವಿಸುವುದೂ ತಪ್ಪಾದೀತು. ರಷ್ಯನರು ಭಾನುವಾರವನ್ನು ‘ಪುನರುತ್ಥಾನ’ವೆಂದೇ ಕರೆಯುತ್ತಾರೆ; ಆದರೆ ಅವರ ಮಂಗಳವಾರ ‘ಎರಡನೆಯದು’, ಗುರುವಾರ ‘ನಾಲ್ಕನೆಯದು’, ಶುಕ್ರವಾರ ‘ಐದನೆಯದು’. ಅವರು ಎಣಿಸಿದ್ದು ಕೆಲಸದ ದಿನಗಳನ್ನು. ಸೋಮವಾರದ ಎಣಿಕೆಯೆಲ್ಲ ಇತ್ತೀಚಿನ ನಾಸ್ತಿಕರ ಸೃಷ್ಟಿಯೆಂದು ಹೇಳುವವರು ಇದನ್ನು ನೆನಪಿನಲ್ಲಿಡಬೇಕು.

ಎಣಿಕೆಯ ಆರಂಭ ಎಲ್ಲಿಯೇ ಇರಲಿ, ಏಳರ ಸುತ್ತು ಮಾತ್ರ ಕಡಿಯದೆ ನಡೆದುಬಂದಿದೆ. 1582ರಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಪಂಚಾಂಗವನ್ನು ತಿದ್ದಿದಾಗ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಹತ್ತು ತಾರೀಖುಗಳು ಮಾಯವಾದವು. ಆದರೆ 4 ಗುರುವಾರ, 15 ಶುಕ್ರವಾರ. ವಾರಕ್ಕೆ ಕೂದಲೂ ಕೊಂಕಲಿಲ್ಲ. ಅದೇ ರಾತ್ರಿ ಸ್ಪೇನಿನಲ್ಲಿ ಆವಿಲಾದ ಸಂತ ತೆರೇಸಮ್ಮನವರು ತೀರಿಕೊಂಡರು. ಅವರ ಹಬ್ಬ ಅಕ್ಟೋಬರ್ 15ರಂದು ಬರುವುದು ಇದರಿಂದಲೇ. ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ಹತ್ತು ದಿನಗಳ ‘ವಾರ’ವನ್ನು ತಂದರು, ಅವರ ಪಂಚಾಂಗ 1805ರ ಕೊನೆಗೆ ರದ್ದಾಯಿತು. ಸೋವಿಯತ್ ಸರ್ಕಾರ 1929ರಲ್ಲಿ ಐದು ದಿನಗಳ, 1931ರಲ್ಲಿ ಆರು ದಿನಗಳ ಸುತ್ತನ್ನು ಪ್ರಯೋಗಿಸಿ 1940ರಲ್ಲಿ ಏಳಕ್ಕೆ ಮರಳಿತು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಅಪಾಯವೊಂದು ಬಂದಿತ್ತು. ಅದರಲ್ಲಿ ನಮ್ಮ ದೇಶದ ಕೈಯೂ ಇತ್ತು. ‘ವಿಶ್ವ ಪಂಚಾಂಗ’ವೆಂಬ ಯೋಜನೆಯ ಪ್ರಕಾರ ವರ್ಷಕ್ಕೆ ಸರಿಯಾಗಿ 52 ವಾರಗಳು, ಎಂದರೆ 364 ದಿನಗಳು, ಉಳಿದ ಒಂದು ದಿನ ಯಾವ ವಾರಕ್ಕೂ ಸೇರದ ಬಿಡಿ ದಿನ, ಅಧಿಕ ವರ್ಷದಲ್ಲಿ ಅಂಥ ಎರಡು ದಿನಗಳು. ಪ್ರತಿವರ್ಷವೂ ತಾರೀಖು ವಾರಗಳು ಒಂದೇ ಆಗಿರುವುದು ಇದರ ಅನುಕೂಲ. ಆದರೆ ಆ ಬಿಡಿ ದಿನ ಬಂದೊಡನೆ ಏಳರ ಸರಪಳಿ ಕಡಿದುಹೋಗುತ್ತದೆ. ಸರ್ಕಾರದ ಭಾನುವಾರವೇ ಬೇರೆ, ಪುನರುತ್ಥಾನದಿಂದ ಎಣಿಸಿಕೊಂಡು ಬಂದ ಭಾನುವಾರವೇ ಬೇರೆ ಆಗುತ್ತದೆ. 1953ರಲ್ಲಿ ಈ ಯೋಜನೆಯನ್ನು ವಿಶ್ವಸಂಸ್ಥೆಯ ಮುಂದಿಟ್ಟಿದ್ದು ಭಾರತ. ನಮ್ಮ ಪಂಚಾಂಗ ಸುಧಾರಣಾ ಸಮಿತಿಯ ಅಧ್ಯಕ್ಷರಾಗಿದ್ದ ಪ್ರಖ್ಯಾತ ವಿಜ್ಞಾನಿ ಮೇಘನಾದ ಸಹಾ ಅವರು 1954ರಲ್ಲಿ ಜಿನೀವಾಕ್ಕೆ ಹೋಗಿ ಅದರ ಪರವಾಗಿ ಮಾತನಾಡಿದರು. ಅಮೆರಿಕ ಒಪ್ಪಲಿಲ್ಲ, 1956ರಲ್ಲಿ ಚರ್ಚೆ ನಿಂತುಹೋಯಿತು. ಆ ನೆನಪು ಇನ್ನೂ ಹಸಿಯಾಗಿದ್ದಾಗ ಸೇರಿದ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪೂಜಾವಿಧಿಯನ್ನು ಕುರಿತು ಹೊರಡಿಸಿದ ಶಾಸನದ ಕೊನೆಗೆ ಒಂದು ಘೋಷಣೆಯನ್ನು ಸೇರಿಸಿತು. ಪಾಸ್ಖ ಹಬ್ಬವನ್ನು ಒಂದು ಗೊತ್ತಾದ ಭಾನುವಾರಕ್ಕೆ ನಿಲ್ಲಿಸಲು ಧರ್ಮಸಭೆಯ ಅಡ್ಡಿಯಿಲ್ಲ. ಶಾಶ್ವತ ಪಂಚಾಂಗಕ್ಕೂ ಅಡ್ಡಿಯಿಲ್ಲ. ಆದರೆ ಭಾನುವಾರ ಸಹಿತವಾದ ಏಳು ದಿನಗಳ ವಾರವನ್ನು ಉಳಿಸಿಕೊಳ್ಳುವ, ವಾರದ ಹೊರಗೆ ಯಾವ ದಿನವನ್ನೂ ತೂರಿಸದ ಪಂಚಾಂಗಗಳಿಗೆ ಮಾತ್ರ ಆ ಒಪ್ಪಿಗೆ ಎಂಬುದು ಅದರ ಸಾರಾಂಶ. ಲತೀನಿನ ಬದಲು ಕನ್ನಡದಲ್ಲಿ ಬಲಿಪೂಜೆಗೆ ಹಾದಿಮಾಡಿದ ಶಾಸನವೆಂದೇ ನಾವು ಇದನ್ನು ನೆನೆಯುತ್ತೇವೆ. ಅದರ ಬಾಲದಲ್ಲಿರುವ ಈ ಘೋಷಣೆಯನ್ನು ಓದಿದವರು ಬಲು ವಿರಳ.

ಭಾರತದ ಕಾನೂನು ಭಾನುವಾರದ ವಿಷಯದಲ್ಲಿ ಹಳೆಯ ಎಣಿಕೆಯನ್ನೇ ಹಿಡಿದಿತ್ತು. ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ನಾಯಕತ್ವದಲ್ಲಿ ಹೋರಾಡಿ 1890ರಲ್ಲಿ ಭಾನುವಾರದ ರಜೆಯನ್ನು ಗಳಿಸಿದರು. ಸ್ವತಂತ್ರ ಭಾರತದ 1948ರ ಕಾರ್ಖಾನೆಗಳ ಕಾಯಿದೆಯು ವಾರವೆಂದರೆ ಶನಿವಾರ ನಡುರಾತ್ರಿಯಿಂದ ಆರಂಭವಾಗುವ ಏಳು ದಿನಗಳೆಂದು ವ್ಯಾಖ್ಯಾನಿಸಿ, ತನ್ನ 52ನೆಯ ಕಲಮಿನಲ್ಲಿ ವಾರದ ಮೊದಲನೆಯ ದಿನ ಕಾರ್ಮಿಕರನ್ನು ದುಡಿಸಕೂಡದೆಂದು ವಿಧಿಸಿತು. ಕಾಯಿದೆಯನ್ನು ಬರೆದವರ ಮನಸ್ಸಿನಲ್ಲಿ ಪುನರುತ್ಥಾನವಿತ್ತೆಂದು ನಾವು ಹೇಳುವುದಿಲ್ಲ. ಆದರೂ ಬಿಡುವು ವಾರದ ಕೊನೆಗೆ ಸಿಗುವ ಕೂಲಿಯಲ್ಲ, ದುಡಿಮೆಗೆ ಮೊದಲೇ ದೊರೆಯುವ ಪಾಲು ಎಂಬ ಅರ್ಥ ಆ ಮಾತುಗಳಿಂದ ಹೊರಡುತ್ತದೆ. ಜಸ್ಟಿನರು ಅದನ್ನು ಮೆಚ್ಚುತ್ತಿದ್ದರೆಂದು ತೋರುತ್ತದೆ. ಆ ಕಾಯಿದೆಯ ಜಾಗಕ್ಕೆ ಈಗ ಹೊಸ ಸಂಹಿತೆ ಬಂದಿದೆ.

ಹೊರಗಿನ ಜಗತ್ತಿನಲ್ಲಿ ಗಾಳಿ ಬೇರೆಡೆಗೆ ಬೀಸಿತು. ಜರ್ಮನಿಯು 1976ರಿಂದ ಸೋಮವಾರವನ್ನು ಮೊದಲನೆಯ ದಿನವಾಗಿ ಗೊತ್ತುಮಾಡಿತು. ಅಲ್ಲಿ ‘ವಾರದ ನಡು’ ಈಗ ಮೂರನೆಯ ದಿನ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1988ರಲ್ಲಿ ಪ್ರಕಟಿಸಿದ 8601ನೆಯ ಮಾನಕವೂ ಸೋಮವಾರಕ್ಕೆ ಒಂದೆಂದೂ ಭಾನುವಾರಕ್ಕೆ ಏಳೆಂದೂ ಅಂಕೆ ಕೊಟ್ಟಿತು. ವ್ಯಾಪಾರ ಸಾರಿಗೆಗಳಲ್ಲಿ ವಾರಗಳಿಗೆ ಕ್ರಮಸಂಖ್ಯೆ ಹಚ್ಚುವುದಷ್ಟೇ ಅದರ ಉದ್ದೇಶ. ಅದರಲ್ಲಿ ಧರ್ಮದ್ವೇಷವನ್ನು ಹುಡುಕುವುದು ವ್ಯರ್ಥ. ಪೂಜಾವಿಧಿಯ ಪಂಚಾಂಗವು ಅದರಿಂದ ಬದಲಾಗಿಲ್ಲ: 1969ರ ಪರಿಷ್ಕರಣೆಯ ನಿಯಮಗಳು ಭಾನುವಾರವನ್ನು ವಾರದ ಮೊದಲನೆಯ ದಿನವೆಂದೇ ಹೆಸರಿಸುತ್ತವೆ, ಆಗಮನ ಕಾಲದ ಮೊದಲನೆಯ ವಾರವು ಭಾನುವಾರದಿಂದಲೇ, ಸರಿಯಾಗಿ ಹೇಳುವುದಾದರೆ ಶನಿವಾರದ ಸಂಜೆಯ ಪ್ರಾರ್ಥನೆಯಿಂದಲೇ, ಆರಂಭವಾಗುತ್ತದೆ. 1998ರ ಮೇ 31ರಂದು, ಪೆಂತೆಕೋಸ್ತ್ ಹಬ್ಬದ ದಿನ, ಜಗದ್ಗುರು ಎರಡನೆಯ ಜಾನ್ ಪೌಲರು ಪ್ರಭುವಿನ ದಿನವನ್ನು ಕುರಿತು ಬರೆದ ಪತ್ರದಲ್ಲಿ ಭಾನುವಾರವನ್ನು ಬರಿಯ ವಾರಾಂತ್ಯದೊಡನೆ ಬೆರೆಸದಿರಿ ಎಂದು ಎಚ್ಚರಿಸಿದರು.

ಈ ಎಚ್ಚರಿಕೆಯನ್ನು ಕೇಳಬೇಕಾಗಿಯೇ ಇಲ್ಲದ ನಮ್ಮವರೂ ಇದ್ದಾರೆ. ಕರಾವಳಿಯಿಂದಲೂ ಬೆಂಗಳೂರಿನಿಂದಲೂ ಕೊಲ್ಲಿ ನಾಡುಗಳಿಗೆ ದುಡಿಯಲು ಹೋದ ಕಥೋಲಿಕರಿಗೆ ಬಿಡುವು ದೊರೆಯುತ್ತಿದ್ದುದು ಶುಕ್ರವಾರ. ದೇವಾಲಯಗಳು ಕಿಕ್ಕಿರಿಯುತ್ತಿದ್ದುದೂ ಶುಕ್ರವಾರವೇ. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ಜನವರಿಯಿಂದ ಶನಿವಾರ, ಭಾನುವಾರಗಳನ್ನು ರಜೆಯಾಗಿ ಮಾಡಿಕೊಂಡಿತು. ಸೌದಿ ಅರೇಬಿಯಾ 2013ರಲ್ಲಿ ರಜೆಯನ್ನು ಶುಕ್ರವಾರ, ಶನಿವಾರಗಳಿಗೆ ಬದಲಿಸಿತು. ಕುವೈತ್, ಕತಾರ್, ಒಮಾನ್‌ಗಳಲ್ಲಿಯೂ ರಜೆ ಆ ಎರಡು ದಿನಗಳೇ. ಆದ್ದರಿಂದ ಅಲ್ಲಿ ‘ಅಲ್ ಅಹದ್’, ಒಂದನೆಯ ದಿನ, ಹೆಸರಿಗೆ ತಕ್ಕಂತೆ ವಾರದ ದುಡಿಮೆಯ ಮೊದಲನೆಯ ದಿನ. ಕುವೈತಿನಲ್ಲಿರುವ ನಮ್ಮ ಹುಡುಗನೊಬ್ಬನಿಗೆ ಭಾನುವಾರವೇ ಬಲಿಪೂಜೆಗೆ ಹೋಗಬೇಕೆಂದಿದ್ದರೆ, ಕೆಲಸ ಮುಗಿಸಿ, ಬಟ್ಟೆ ಬದಲಿಸಿ, ಬಸ್ಸು ಹಿಡಿದು, ದೀಪ ಹಚ್ಚಿದ ಮೇಲೆ ದೇವಾಲಯವನ್ನು ಮುಟ್ಟುತ್ತಾನೆ. ತ್ರೋವದ ಮೇಲಂತಸ್ತಿಗೆ ಬಂದವರೂ ದೀಪ ಹಚ್ಚಿದ ಮೇಲೆಯೇ ಬಂದಿದ್ದರು.